ಕಣಜದೊಳಗೊಂದು ಕಣಜ

ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಹಳೆಯ ವಸ್ತುಗಳು ಅಕ್ಕಪಕ್ಕ ನಿಂತಿವೆ. ಒಂದು, ಬಿದಿರಿನಲ್ಲಿ ಹೆಣೆದು ಸಗಣಿ ಸಾರಿಸಿದ ಆಳೆತ್ತರದ ಭತ್ತದ ಕಣಜ. ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಅದರೊಳಗೆ ಗೋಣಿಚೀಲ, ಮುರಿದ ಕೊಡೆ, ಒಂದು ಜೊತೆ ಗಮ್‌ಬೂಟು ವಾಸವಾಗಿವೆ. ಇನ್ನೊಂದು, ಕೆನೆಬಣ್ಣದ ಎಲ್‌ಎಂಎಲ್ ವೆಸ್ಪಾ ಸ್ಕೂಟರು. 14 ವರ್ಷದಿಂದ ಅದಕ್ಕೆ ಯಾರೂ ಕಿಕ್ ಹೊಡೆದಿಲ್ಲ. ಹಾಗೆಂದು ಮಾರುವುದೂ ಇಲ್ಲ. ಚಿಕ್ಕಮ್ಮ ಮದುವೆಯಾಗಿ ಈ ಮನೆಗೆ ಬಂದದ್ದು ಅದರ ಹಿಂದಿನ ಸೀಟಿನಲ್ಲಿ ಕುಳಿತು ಎನ್ನುವುದು ಚಿಕ್ಕಪ್ಪನ ವಾದ. ಬಂದದ್ದು ಬಾಡಿಗೆ ಜೀಪಿನಲ್ಲಿ ಎನ್ನುವುದು ಚಿಕ್ಕಮ್ಮನ ನೆನಪು.

ಈಗ ಬೆಂಗಳೂರಿನ ಹುಡುಗರಿಗೆ ಹಳೆಯ ಸ್ಕೂಟರಿನ ಹುಚ್ಚು ಹತ್ತಿದೆ. ಒಬ್ಬರು ಫೋನು ಮಾಡಿ, "ಗಾಡಿಯ ಫೋಟೋ ಕಳುಹಿಸಿ, ಒಳ್ಳೆಯ ಬೆಲೆ ಕೊಡುತ್ತೇನೆ" ಎಂದರು. ಮಾರದಿದ್ದರೂ ಬೆಲೆ ತಿಳಿದುಕೊಳ್ಳುವುದರಲ್ಲಿ ತಪ್ಪೇನು ಎಂದು ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಆ ಕೋಣೆಗೆ ಹೋದರು. ನಾನು ಮೊಬೈಲಿನ ಬೆಳಕು ಹಿಡಿದೆ. ಅವರು ಸ್ಕೂಟರಿನ ಎಡಪಕ್ಕದ ಉಬ್ಬಿದ ಮುಚ್ಚಳಕ್ಕೆ ಕೈ ಹಾಕಿ ಎಳೆದರು. ಒಳಗೆ ಮಾಸಲು ಕಂದು ಬಣ್ಣದ, ಪದರಪದರವಾದ ಕಾಗದದ ಉಂಡೆಯಂಥದ್ದು ಕಂಡಿತು. ಅದರ ಮೇಲೆ ಕಪ್ಪಗೆ ಮಿರುಗುವ, ಹೊಟ್ಟೆಗೆ ಅಗಲವಾದ ಒಂದೇ ಹಳದಿ ಪಟ್ಟಿ ಕಟ್ಟಿಕೊಂಡ ಏಳೆಂಟು ಹುಳುಗಳು. ಅವು ತಕ್ಷಣ ಹಾರಲಿಲ್ಲ. ಎಲ್ಲವೂ ಒಟ್ಟಿಗೆ ತಲೆ ಎತ್ತಿ ನಮ್ಮನ್ನು ನೋಡಿದವು. ಆ ಅರೆಕ್ಷಣದ ನೋಟ ನನಗೆ ಈಗಲೂ ನೆನಪಿದೆ. ಊಟದ ಹೊತ್ತಿನಲ್ಲಿ ಕರೆಯದೆ ಬಂದ ನೆಂಟನನ್ನು ನೋಡುವ ನೋಟ.

ನನಗೆ ಬಲ ಮಣಿಕಟ್ಟಿಗೆ ಒಂದು, ಚಿಕ್ಕಪ್ಪನಿಗೆ ಮುಂಗೈಗೆ ಒಂದು, ಕಿವಿಯ ಹಿಂದೆ ಒಂದು. ನಾನು ಕುಣಿದಾಡಿದ್ದೇ ಹೆಚ್ಚು. ಚಿಕ್ಕಪ್ಪ ಕೈ ಕೊಡವಿ, "ಕಣಜ ಮಾರಾಯ, ಹೋದ ವರ್ಷ ತೋಟದಲ್ಲೂ ಕಚ್ಚಿತ್ತು, ಏನೂ ಆಗುವುದಿಲ್ಲ" ಎಂದು ಜಗಲಿಗೆ ಬಂದು ಕುಳಿತರು. ಚಿಕ್ಕಮ್ಮ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತಂದು ಇಬ್ಬರಿಗೂ ಹಚ್ಚಿದರು. ಹತ್ತು ನಿಮಿಷ ಕಳೆದಿರಲಿಲ್ಲ, ಚಿಕ್ಕಪ್ಪ ಅಂಗೈ ತುರಿಸಿಕೊಳ್ಳತೊಡಗಿದರು. ಆಮೇಲೆ ಕತ್ತು, ಹೊಟ್ಟೆ. ಬನಿಯನ್ ಎತ್ತಿ ನೋಡಿದರೆ ಮೈಯೆಲ್ಲ ಪಿತ್ತಗಂಧೆ ಎದ್ದಂತೆ ದದ್ದು. ತುಟಿ ದಪ್ಪವಾಯಿತು, ದನಿ ಗೊಗ್ಗರಾಯಿತು. "ಯಾಕೋ ಕಣ್ಣು ಮಂಜಾಗುತ್ತಿದೆ" ಎಂದವರೇ ಕಂಬಕ್ಕೆ ಒರಗಿದರು. ಪಕ್ಕದ ಮನೆಯವರ ಜೀಪು ಮನೆಯಲ್ಲೇ ಇದ್ದದ್ದು ನಮ್ಮ ಪುಣ್ಯ.

ಆಸ್ಪತ್ರೆಯಲ್ಲಿ ಬಯಲುಸೀಮೆಯ ಕಡೆಯ ಎಳೆಯ ವೈದ್ಯೆ. ಏನಾಯಿತು ಎಂದು ಕೇಳಿದರು. ಚಿಕ್ಕಮ್ಮ ಅಳುತ್ತ, "ಕಣಜ, ಡಾಕ್ಟರೇ" ಎಂದರು. "ಎಷ್ಟು ಎತ್ತರದಿಂದ ಬಿದ್ದರು?" ಎಂದು ಆಕೆ ಕೇಳಿದಾಗ ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅಷ್ಟರಲ್ಲಿ ಆಕೆಯ ಕಣ್ಣು ಚಿಕ್ಕಪ್ಪನ ತುಟಿಯ ಮೇಲೆ ಬಿತ್ತು. "ಓ, ಕಡಜ!" ಎಂದವರೇ ಅವರನ್ನು ಅಂಗಾತ ಮಲಗಿಸಿ, ಕಾಲು ಎತ್ತರಿಸಿ, ತೊಡೆಗೆ ಅಡ್ರಿನಲಿನ್ ಚುಚ್ಚಿದರು. ನಮ್ಮ ಕಡೆ ಕಣಜವೆನ್ನುವ ಹುಳು ಅವರ ಕಡೆ ಕಡಜ. ಆ ಒಂದಕ್ಷರದ ವ್ಯತ್ಯಾಸವನ್ನು ಅವರು ತಾವೇ ತಿದ್ದಿಕೊಂಡ ವೇಗಕ್ಕೆ ನಾನು ಇಂದಿಗೂ ಋಣಿ. ಕೆಲವೇ ನಿಮಿಷಗಳಲ್ಲಿ ಚಿಕ್ಕಪ್ಪನಿಗೆ ದನಿ ಮರಳಿತು. ಮರಳಿದ ದನಿಯಲ್ಲಿ ಬಂದ ಮೊದಲ ಮಾತು, "ಕಚ್ಚಿದ್ದು ಕೈಗೆ, ಸೂಜಿ ಮಾತ್ರ ತೊಡೆಗೆ." ಆಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಗುಣವಾದಂತೆ ಕಂಡರೂ ಕೆಲವು ಗಂಟೆಗಳಲ್ಲಿ ಎಲ್ಲವೂ ಮರುಕಳಿಸಬಹುದೆಂದು ವೈದ್ಯೆ ಆ ರಾತ್ರಿ ಅವರನ್ನು ಅಲ್ಲಿಯೇ ಉಳಿಸಿಕೊಂಡರು. ಮನೆಯಲ್ಲಿ ಏವಿಲ್ ಮಾತ್ರೆ ಇತ್ತಲ್ಲ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, ಅದು ತುರಿಕೆಗೆ ಸರಿ, ಬೀಳುತ್ತಿರುವ ರಕ್ತದೊತ್ತಡಕ್ಕೂ ಕಟ್ಟುತ್ತಿರುವ ಉಸಿರಿಗೂ ಅದನ್ನು ನಂಬಿ ಕೂರಬೇಡಿ ಎಂದರು.

ಒಂದೇ ಗೂಡಿನ ಹುಳು, ಒಂದೇ ವಿಷ. ನನಗೆ ಮೂರು ದಿನ ಮಣಿಕಟ್ಟು ಊದಿದ್ದಷ್ಟೇ ಬಂತು. ಹೋದ ವರ್ಷ ಏನೂ ಮಾಡದೆ ಹೋದ ಆ ಕಡಿತವೇ ಚಿಕ್ಕಪ್ಪನಿಗೆ ಮುಳುವಾದದ್ದು ಎಂಬುದು ಆಮೇಲೆ ತಿಳಿಯಿತು. ಮೊದಲ ಸಲದ ವಿಷದಲ್ಲಿದ್ದ ಪ್ರೋಟೀನುಗಳ ಮುಖಪರಿಚಯ ಮಾಡಿಕೊಂಡ ಕೆಲವರ ದೇಹ, ಅವುಗಳಿಗೆಂದೇ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿ ಕಾವಲಿಗೆ ನಿಲ್ಲಿಸಿರುತ್ತದೆ. ಎರಡನೆಯ ಸಲ ಅದೇ ಮುಖ ಕಂಡೊಡನೆ ಕಾವಲುಗಾರರು ಊರನ್ನೆಲ್ಲ ಎಬ್ಬಿಸುತ್ತಾರೆ. ಹಿಸ್ಟಮೀನು ಎಂಬ ರಾಸಾಯನಿಕ ಹರಿದು ರಕ್ತನಾಳಗಳು ಸಡಿಲವಾಗುತ್ತವೆ, ಗಂಟಲು ಊದುತ್ತದೆ. ಕಳ್ಳ ಬಂದನೆಂದು ಮನೆಗೇ ಬೆಂಕಿ ಹಚ್ಚಿಕೊಂಡ ಹಾಗೆ.

ಇದನ್ನು ಕಂಡು ಕಂಗಾಲಾದವರು ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ಸಮುದ್ರಜೀವಿಯೊಂದರ ವಿಷವನ್ನು ಸ್ವಲ್ಪಸ್ವಲ್ಪವೇ ಕೊಟ್ಟು ನಾಯಿಗಳಿಗೆ ರೂಢಿ ಮಾಡಿಸಲು ಹೊರಟಿದ್ದರು. ನೆಪ್ಚೂನ್ ಎಂಬ ನಾಯಿ ಮೊದಲ ಸಲ ಆರಾಮಾಗಿತ್ತು. ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರೆ ಅರ್ಧ ಗಂಟೆಯೊಳಗೆ ಸತ್ತೇಹೋಯಿತು. ರಕ್ಷಣೆಯಾಗಬೇಕಾದದ್ದು ತಿರುಗಿ ಬಿದ್ದಿತೆಂದು 1902ರಲ್ಲಿ ಅದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ನೆಪ್ಚೂನ್‌ಗೆ ಏನೂ ಬರಲಿಲ್ಲ.

ವಿಚಿತ್ರವೆಂದರೆ ಮದ್ದು ಕೂಡ ಆ ಹಳೆಯ ದಾರಿಯಲ್ಲೇ ಇದೆ. ಶುದ್ಧೀಕರಿಸಿದ ಕಣಜದ ವಿಷವನ್ನು ಕಾಣದಷ್ಟು ಅಲ್ಪ ಪ್ರಮಾಣದಿಂದ ಆರಂಭಿಸಿ, ಮೆಲ್ಲಗೆ ಏರಿಸುತ್ತ 100 ಮೈಕ್ರೋಗ್ರಾಂವರೆಗೆ ಒಯ್ದು, ಆಮೇಲೆ ತಿಂಗಳಿಗೊಮ್ಮೆಯಂತೆ ಮೂರರಿಂದ ಐದು ವರ್ಷ ಚುಚ್ಚುತ್ತಾರೆ. ಇದನ್ನು ವಿವರಿಸಿದಾಗ ಚಿಕ್ಕಪ್ಪ, "ಅಂದರೆ ದುಡ್ಡು ಕೊಟ್ಟು ಐದು ವರ್ಷ ಕಣಜದ ಕೈಲಿ ಕಚ್ಚಿಸಿಕೊಳ್ಳಬೇಕು" ಎಂದು ಸರಿಯಾಗಿಯೇ ಸಾರಾಂಶ ಹೇಳಿದರು.

ಕೈಲಿ ಎನ್ನುವುದೂ ತಪ್ಪು, ಕಚ್ಚುವುದು ಎನ್ನುವುದೂ ತಪ್ಪು. ಕಣಜದ ಆಯುಧ ಬಾಲದಲ್ಲಿದೆ. ಅದು ಮೊಟ್ಟೆಯಿಡುವ ಅಂಗವೇ ಬದಲಾದದ್ದು. ಆದ್ದರಿಂದ ಹೆಣ್ಣಿಗೆ ಮಾತ್ರ ಉಂಟು, ಗಂಡು ಬರೀ ಗುಂಯ್‌ಗುಡುತ್ತದೆ. ಈ ಸಂಗತಿಯನ್ನು ಚಿಕ್ಕಮ್ಮ ಬಹಳ ಗಮನವಿಟ್ಟು ಕೇಳಿದರು. ಜೇನು ಒಮ್ಮೆ ಚುಚ್ಚಿದರೆ ಕೊಕ್ಕೆಯ ಮುಳ್ಳು ನಮ್ಮ ಚರ್ಮದಲ್ಲೇ ಉಳಿದು ಜೇನು ಸಾಯುತ್ತದೆ. ಕಣಜದ ಮುಳ್ಳು ಸಲೀಸಾಗಿ ಹೊರಬರುವುದರಿಂದ ಅದು ಮನಸ್ಸಿಗೆ ತೃಪ್ತಿಯಾಗುವವರೆಗೆ ಚುಚ್ಚಬಹುದು. ಸಿಟ್ಟಿನಿಂದ ಒಂದನ್ನು ಅಲ್ಲಿಯೇ ಹೊಸಕಿದಿರೋ, ಅದರ ವಿಷದ ವಾಸನೆಗೆ ಉಳಿದವೆಲ್ಲ ಎದ್ದು ಬರುತ್ತವೆ.

ಹೆಸರಿನ ಕಥೆ ಇನ್ನೂ ಉಳಿದಿದೆ. ವೆಸ್ಪಾ ಎಂದರೆ ಇಟಲಿಯವರ ಭಾಷೆಯಲ್ಲಿ ಕಣಜವೇ. ಕೊರಾದೀನೊ ದ'ಆಸ್ಕಾನಿಯೊ ಎಂಬ ವಿಮಾನದ ಎಂಜಿನಿಯರ್ ಯುದ್ಧದ ನಂತರ ರೂಪಿಸಿದ ಸ್ಕೂಟರಿನ ಸಣ್ಣ ನಡು, ದಪ್ಪ ಹಿಂಭಾಗ, ಗುಂಯ್‌ಗುಡುವ ದನಿ ಕಂಡು ಮಾಲೀಕ ಎನ್ರಿಕೊ ಪಿಯಾಜಿಯೊ, ಇದು ಕಣಜದ ಹಾಗಿದೆಯಲ್ಲ ಎಂದರಂತೆ. 1946ರಲ್ಲಿ ಅದೇ ಹೆಸರಾಯಿತು. ಬಜಾಜ್ ಕೂಡ ಮೊದಲು ಅದನ್ನೇ ಪರವಾನಗಿ ಪಡೆದು ಇಲ್ಲಿ ತಯಾರಿಸಿತು. ಚೇತಕ್ ಬಂದದ್ದು ಆಮೇಲೆ. ಬೆಳಗಾದರೆ ಗಾಡಿಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ನೇರ ನಿಲ್ಲಿಸಿ ಒದೆಯುತ್ತಿದ್ದ ಗೃಹಸ್ಥರೆಲ್ಲ ತಮಗರಿವಿಲ್ಲದೆ ಕಣಜವನ್ನು ಕೆಣಕುತ್ತಿದ್ದರು. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕಣಜವೇರಿ ಅಡಿಕೆ ಮಂಡಿಗೆ ಹೋಗಿ ಬಂದವರು. ಇನ್ನೂ ತಮಾಷೆಯೆಂದರೆ, ಕಪ್ಪು ಮೈಗೆ ಹಳದಿ ಪಟ್ಟಿಯ ಆ ಹುಳುವಿಗೆ ವಿಜ್ಞಾನಿಗಳ ಹೆಸರು ವೆಸ್ಪಾ ಟ್ರೋಪಿಕಾ. ಟ್ರೋಪಿಕಾ ಎಂಬುದು 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟದ್ದು. ಪೊಟರೆ, ಸಂದುಗೊಂದುಗಳೆಂದರೆ ಅದಕ್ಕೆ ಇಷ್ಟ. ವೆಸ್ಪಾ ತನ್ನ ಹೆಸರು ಕೊರೆದ ಮನೆಯನ್ನೇ ಹುಡುಕಿಕೊಂಡಿತ್ತು.

ಅದರ ಗೂಡು ಕಾಗದದ್ದೆಂದೆನಲ್ಲ, ಅದು ಉಪಮೆಯಲ್ಲ. ಮರದ ನಾರನ್ನು ಕೆರೆದು, ಎಂಜಲಲ್ಲಿ ಅಗಿದು, ತೆಳ್ಳಗೆ ಬಳಿದು ಒಣಗಿಸಿದ ನಿಜವಾದ ಕಾಗದ. ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರೆಯೋಮುರ್ ಕಣಜಗಳನ್ನು ನೋಡಿ ಮರದಿಂದಲೂ ಕಾಗದ ಮಾಡಬಹುದು ಎಂದರು. ನಮ್ಮ ಭದ್ರಾವತಿಯ ಕಾಗದ ಕಾರ್ಖಾನೆಯ ಕುಲಗುರು ಯಾರೆಂದು ಈಗ ಗೊತ್ತಾಯಿತಲ್ಲ.

ಕಚ್ಚಿಸಿಕೊಂಡ ಮಾರನೆಯ ದಿನ ಮೊಬೈಲಿನಲ್ಲಿ ಕಣಜಕ್ಕೆ ಇಂಗ್ಲಿಷಿನವರು ಹೇಳುವ ವಾಸ್ಪ್ ಎಂಬ ಪದ ಹಾಕಿ ಹುಡುಕಿದೆ. ಊತಕ್ಕೆ ಉತ್ತರ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ವಿಮಾನ ಹಾರಿಸುವ ಹೆಂಗಸರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮಹಿಳಾ ವೈಮಾನಿಕರ ದಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿದರೆ ವಾಸ್ಪ್. 1,074 ಮಂದಿ ತರಬೇತಿ ಮುಗಿಸಿದರು, 38 ಮಂದಿ ಸತ್ತರು. ಸೇನೆಯವರಲ್ಲ ಎಂಬ ನೆಪಕ್ಕೆ ಶವಪೆಟ್ಟಿಗೆಯನ್ನು ಊರಿಗೆ ಕಳುಹಿಸುವ ಖರ್ಚನ್ನೂ ಸರ್ಕಾರ ಕೊಡಲಿಲ್ಲ. ಗೆಳತಿಯರು ಚಂದಾ ಎತ್ತಿದರು. ಇನ್ನೂ ಕೆಳಗೆ ಹೋದರೆ ವಾಸ್ಪ್ ಒಂದು ಪ್ರೋಟೀನು. ವಿಸ್ಕಾಟ್ ಮತ್ತು ಆಲ್ಡ್ರಿಚ್ ಎಂಬ ವೈದ್ಯರ ಹೆಸರಿನ ಕಾಯಿಲೆಯಲ್ಲಿ ಕೆಡುವಂಥದ್ದು. ಅದು ಕೆಟ್ಟರೆ ಗಂಡುಮಕ್ಕಳಿಗೆ ಇಸುಬು, ರಕ್ತಸ್ರಾವ, ಬಿಡದ ಸೋಂಕು. ಅಲರ್ಜಿಗೂ ಅದಕ್ಕೂ ದೂರದ ನಂಟೇ ಹೊರತು ಹುಳುವಿಗೂ ಅದಕ್ಕೂ ಯಾವ ನಂಟೂ ಇಲ್ಲ.

ನನಗೆ ಹಿಡಿಸಿದ್ದು ಆಕಾಶದ ಕಣಜ. ಅಂಗಡಿಯಲ್ಲಿ ಸಿಗುವ ಕ್ಯಾನನ್ ಲೆನ್ಸುಗಳನ್ನು ಎಂಟೆಂಟರಂತೆ ಕಟ್ಟಿ, ಒಂದನ್ನು ಕ್ಯಾನರಿ ದ್ವೀಪದಲ್ಲಿ, ಒಂದನ್ನು ದಕ್ಷಿಣ ಆಫ್ರಿಕದಲ್ಲಿ ನಿಲ್ಲಿಸಿ, ಗ್ರಹ ಅಡ್ಡ ಬಂದಾಗ ನಕ್ಷತ್ರ ಎಷ್ಟು ಮಂಕಾಗುತ್ತದೆ ಎಂದು ಅಳೆಯುವ, ವಾಸ್ಪ್ ಎಂದೇ ಹೆಸರಿನ ಯೋಜನೆ ಅದು. ಮದುವೆ ಫೋಟೋ ತೆಗೆಯುವವರ ಸಾಮಾನಿನಲ್ಲಿ ಬೇರೆ ಲೋಕಗಳನ್ನು ಹಿಡಿದರು. ಅವರ ವಾಸ್ಪ್-76ಬಿ ಎಂಬ ಗ್ರಹದಲ್ಲಿ ಕಬ್ಬಿಣ ಆವಿಯಾಗಿ, ಇರುಳಿನ ಕಡೆ ಮಳೆಯಾಗಿ ಸುರಿಯುತ್ತಿರಬೇಕೆಂದು 2020ರಲ್ಲಿ ವಿಜ್ಞಾನಿಗಳು ಹೇಳಿದರು. ಕಣಜ ಕಚ್ಚಿದರೆ ಕಬ್ಬಿಣ ಉಜ್ಜುವ ನಮ್ಮ ಅಜ್ಜಿಗೆ ಇದು ತಿಳಿದಿದ್ದರೆ ಖಂಡಿತ ತಲೆದೂಗುತ್ತಿದ್ದರು.

ಕನ್ನಡದ ಹಿರಿಯರು ಕಣಜವನ್ನು ನೋಡಿದ ರೀತಿಯೇ ಬೇರೆ. ಮಣ್ಣಿನ ಗೂಡು ಕಟ್ಟುವ ಕಣಜವಾದ ಕುಂಡಲಿಗ, ಬೇರೊಂದು ಹುಳುವನ್ನು ಹೊತ್ತು ತರುತ್ತದೆ, ಗೂಡಿನಲ್ಲಿಟ್ಟು ಮುಚ್ಚುತ್ತದೆ. ಕೆಲವು ದಿನಕ್ಕೆ ಗೂಡೊಡೆದು ಕುಂಡಲಿಗವೇ ಹೊರಬರುತ್ತದೆ. ಗುರುವಿನ ಸಂಗದಲ್ಲಿ ಕೀಡೆಯೂ ಕುಂಡಲಿಗನಾಗುತ್ತದೆ ಎಂದು ವಚನಕಾರರು ಅದನ್ನು ದೃಷ್ಟಾಂತ ಮಾಡಿಕೊಂಡರು. ಭ್ರಮರಕೀಟ ನ್ಯಾಯ ಎಂದು ವೇದಾಂತಿಗಳೂ ಕಟ್ಟಿದರು. ಒಳಗೆ ನಡೆಯುವುದು ಬೇರೆ: ಚುಚ್ಚಿ ಜಡವಾಗಿಸಿದ ಹುಳುವಿನ ಜೊತೆ ಇಟ್ಟ ಮೊಟ್ಟೆಯೊಡೆದು ಮರಿ ಬರುತ್ತದೆ; ಆ ಜೀವಂತ ಬುತ್ತಿಯನ್ನು ತಿಂದು ಬೆಳೆಯುತ್ತದೆ. ಶಿಷ್ಯ ಗುರುವಾದದ್ದಲ್ಲ, ಗುರುವಿನ ಮಗನಿಗೆ ಊಟವಾದದ್ದು. ಎಷ್ಟೋ ಗುರುಕುಲಗಳನ್ನು ಕಂಡ ನನಗೆ ಎರಡನೆಯ ವಿವರಣೆಯಿಂದಲೂ ದೃಷ್ಟಾಂತ ಕೆಟ್ಟಂತೆ ಕಾಣುವುದಿಲ್ಲ.

ಈಗ ಚಿಕ್ಕಪ್ಪನ ಪರ್ಸಿನಲ್ಲಿ ವೈದ್ಯೆ ಬರೆದುಕೊಟ್ಟ ಚೀಟಿ ಇದೆ. ಅದರ ಕೆಳಗೆ, ಎಲ್ಲರಿಗೂ ತಿಳಿಯಲೆಂದು ಚಿಕ್ಕಮ್ಮ ಕನ್ನಡದಲ್ಲಿ "ಇವರಿಗೆ ಕಣಜ ಆಗುವುದಿಲ್ಲ" ಎಂದು ಸೇರಿಸಿದ್ದಾರೆ. ಶಾಲೆಯಲ್ಲಿ ಗಂಗಾವತಿ ಭತ್ತದ ಕಣಜ ಎಂದು ಓದಿ ಬಂದ ಮೊಮ್ಮಗ ಅದನ್ನು ನೋಡಿ, "ಅಜ್ಜ, ನಿನಗೆ ಅನ್ನ ಆಗುವುದಿಲ್ಲವೇ?" ಎಂದು ಕೇಳಿದ.

ಬೆಂಗಳೂರಿನವರು ಮೊನ್ನೆ ಮತ್ತೆ ಫೋನು ಮಾಡಿದ್ದರು. ಬಿಡಿಭಾಗಗಳು ಬದಲಾಗಿಲ್ಲ ತಾನೇ ಎಂದು ಕೇಳಿದರಂತೆ. ಆ ಕೋಣೆಯ ಬಾಗಿಲನ್ನು ಹೊರಗಿನಿಂದ ಭದ್ರಪಡಿಸಿ ಜಗಲಿಯಲ್ಲಿ ಕುಳಿತಿದ್ದ ಚಿಕ್ಕಪ್ಪ ಹೇಳಿದರು: "ಏನೂ ಬದಲಾಗಿಲ್ಲ. ಮುಚ್ಚಳ ತೆಗೆದು ನೀವೇ ನೋಡಿ, ಒಳಗಿರುವುದೂ ಅಸಲಿ ವೆಸ್ಪಾವೇ."