ಬಿಳಿ ಗೋಡೆಯ ಪಂಚಾಂಗ

ಯುಗಾದಿಗೆ ಹಾಲಿಗೂ ವರಾಂಡಕ್ಕೂ ಬಿಳಿ ಬಣ್ಣವೇ ಆಗಬೇಕೆಂದು ನಮ್ಮ ಮನೆಯವರು ಹಟ ಹಿಡಿದಾಗ ಅತ್ತೆ ಅಂದದ್ದು ಒಂದೇ ಮಾತು. “ಕೋಲಾರದಲ್ಲಿ ಬಿಳಿ ಅನ್ನೋದು ಡಬ್ಬದೊಳಗೆ ಇರೋವರೆಗೆ ಮಾತ್ರ ಕಣೋ.” ಇವರು ಕೇಳಲಿಲ್ಲ. ಬಿಳಿ ಹೊಡೆಸಿದರೆ ಮನೆ ದೊಡ್ಡದಾಗಿ ಕಾಣುತ್ತದಂತೆ, ಮನಸ್ಸು ತಿಳಿಯಾಗುತ್ತದಂತೆ. ಪೇಂಟ್ ಅಂಗಡಿಯವನು ಹೇಳಿದ್ದು. ಅವನ ಸ್ವಂತ ಮನೆಗೆ ಗಿಳಿಹಸಿರು ಹೊಡೆಸಿದ್ದಾನೆ, ನಾನೇ ನೋಡಿದ್ದೇನೆ.

ಮನಸ್ಸಿನ ವಿಷಯ ಬಿಡಿ, ಗೋಡೆಯಂತೂ ಅವತ್ತಿನಿಂದ ಪಂಚಾಂಗವಾಗಿದೆ. ಯಾವ ಕಾಲ ಬಂತು, ಯಾವುದು ಹೋಯಿತು ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ, ಒದ್ದೆ ಬಟ್ಟೆ ಹಿಡಿದು ಗೋಡೆ ಮುಂದೆ ನಿಂತರೆ ಸಾಕು.

ಮೊದಲ ಸರದಿ ಹೊಂಗೆಯದು. ಗೇಟಿನ ಪಕ್ಕದ ಈ ಮರ ಶಿವರಾತ್ರಿ ಹೊತ್ತಿಗೆ ಎಲೆಯೆಲ್ಲ ಉದುರಿಸಿ ನನ್ನ ಕೈಗೆ ಪೊರಕೆ ಕೊಡುತ್ತದೆ. ಹಬ್ಬ ಬರುವಷ್ಟರಲ್ಲಿ ಎಣ್ಣೆ ಸವರಿದಂಥ ಚಿಗುರು ಬಿಟ್ಟುಕೊಂಡು, ತನಗೂ ಆ ಕಸಕ್ಕೂ ಸಂಬಂಧವೇ ಇಲ್ಲವೆಂದು ನಿಂತಿರುತ್ತದೆ. ಗುಡಿಸಿ ಗುಡಿಸಿ ಸೊಂಟ ಹಿಡಿದವಳಿಗೂ ಆ ಹಸಿರು ಕಂಡರೆ ಬೈಯಲು ಬಾಯಿ ಬರುವುದಿಲ್ಲ. ಆಮೇಲೆ ಹೂವು. ಸ್ಕೂಟರಿನ ಸೀಟಿನ ತುಂಬ ಉದುರುತ್ತದೆ, ಇವರು ನೋಡದೆ ಕೂರುತ್ತಾರೆ, ಸಂಜೆ ಬಂದು ವರಾಂಡದ ಗೋಡೆಗೆ ಒರಗಿ ಶೂ ಬಿಚ್ಚುತ್ತಾರೆ. ಮೊದಲ ಕಲೆ ಬಿಳಿ ಬೇಕೆಂದವರದ್ದೇ.

ಅಷ್ಟರಲ್ಲಿ ಮಾವು. ನಮ್ಮ ನಾದಿನಿಯನ್ನು ಕೊಟ್ಟಿರುವುದು ಶ್ರೀನಿವಾಸಪುರದ ಕಡೆಗೆ. ಬಿರುಗಾಳಿಗೆ ಉದುರಿದ ಕಾಯಿಯನ್ನು ಮಂಡಿಯಲ್ಲಿ ಕೇಳುವವರಿಲ್ಲ. ಕೇಳುವವರಿಲ್ಲದ ಕಾಯೆಲ್ಲ ನೆಂಟರ ಮನೆ ಸೇರುತ್ತದೆ. ಉಪ್ಪಿನಕಾಯಿ, ಗೊಜ್ಜು, ಚಿತ್ರಾನ್ನ ಎಲ್ಲ ಮುಗಿಯುವ ಹೊತ್ತಿಗೆ ಒಳ್ಳೆ ಹಣ್ಣಿನ ಕ್ರೇಟೂ ಬರುತ್ತದೆ, ಮಂಚದ ಕೆಳಗೆ ಹುಲ್ಲು ಹಾಸಿ ಮಲಗಿಸುತ್ತೇವೆ. ರಸಪುರಿಯನ್ನು ಕೊಯ್ಯಬಾರದು, ಮೆತ್ತಗೆ ಹಿಸುಕಿ ತೊಟ್ಟಿನ ಕಡೆಯಿಂದ ಹೀರಬೇಕು ಎನ್ನುವುದು ಅತ್ತೆಯ ಶಾಸ್ತ್ರ. ನನ್ನ ಮಗ ಶಾಸ್ತ್ರ ಪಾಲಿಸಿದ, ಮೆತ್ತಗೆ ಎಂಬುದೊಂದನ್ನು ಬಿಟ್ಟು. ರಸ ಚಿಮ್ಮಿದ್ದು ಸ್ವಿಚ್ ಬೋರ್ಡಿನ ಪಕ್ಕಕ್ಕೆ. ಒರೆಸಿದಷ್ಟೂ ಹರಡಿತು. ಮಾರನೇ ದಿನ ಇರುವೆಗಳು ಸಾಲು ಕಟ್ಟಿ ಬಂದು, ನಾನು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿಕೊಟ್ಟವು.

ಜೂನಿನಲ್ಲಿ ಟೀವಿಯವರು ಕರಾವಳಿಯ ಮಳೆ ತೋರಿಸುತ್ತಾರೆ, ನಾವು ಫ್ಯಾನಿನ ಕೆಳಗೆ ಕೂತು ನೋಡುತ್ತೇವೆ. ಮೋಡ ಅಂತರಗಂಗೆ ಬೆಟ್ಟದವರೆಗೆ ಬಂದು, ಊರನ್ನೊಮ್ಮೆ ಇಣುಕಿ, ಮುಂದೆ ಹೋಗುತ್ತದೆ. ಅದು ಇಣುಕಿದಾಗಲೆಲ್ಲ ಅತ್ತೆ ಸಂಡಿಗೆ ಒಳಗೆ ತರುವುದು, ಹೋದ ಮೇಲೆ ಹೊರಗೆ ಹಾಕುವುದು. ಒಣಗುವ ಮೊದಲೇ ಅರ್ಧ ಸಂಡಿಗೆ ಪುಡಿ.

ನಮ್ಮ ದೊಡ್ಡ ಮಳೆಯೇನಿದ್ದರೂ ಸೆಪ್ಟೆಂಬರ್, ಅಕ್ಟೋಬರಿನದು. ಮೊದಲ ಜಡಿಮಳೆಗೆ ಅಂಗಳದ ಕೆಮ್ಮಣ್ಣು ಮೊಣಕಾಲೆತ್ತರಕ್ಕೆ ಹಾರಿ ವರಾಂಡದ ಗೋಡೆ ಉದ್ದಕ್ಕೂ ಪಟ್ಟಿ ಬಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆಗೆ ಖುಷಿಯೋ ಖುಷಿ. “ನಮ್ಮ ಕಾಲದಲ್ಲಿ ಸುಣ್ಣ ಬಳಿದ ಮೇಲೆ ಕೂತು ಕೆಮ್ಮಣ್ಣಿನ ಪಟ್ಟಿ ಎಳೀತಿದ್ವಿ. ನಿಂಗೆ ಪುಕ್ಕಟೆ ಆಯ್ತಲ್ಲಮ್ಮ!”

ಅವರ ಮುಂದೆ ಮಳೆಯ ಮೇಲೆ ದೂರು ಹೇಳುವಂತಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದರೂ ಬರೀ ದೂಳು ಉಗುಳಿದ ಬೋರ್‌ವೆಲ್ಲುಗಳನ್ನೂ, ಟ್ಯಾಂಕರಿಗೆ ಕೊಡ ಹಿಡಿದು ಆಡಿದ ಜಗಳಗಳನ್ನೂ ಕಂಡ ಜೀವ ಅದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಹರಿದಾಗ ಇದೇ ಅತ್ತೆ ಮೂಗು ಮುಚ್ಚಿಕೊಂಡಿದ್ದರು. 2021ರ ನವೆಂಬರಿನಲ್ಲಿ ಮಳೆ ಸುರಿದು ಕೆರೆಗಳು ಕೋಡಿ ಬಿದ್ದಾಗ ಆಟೋ ಮಾಡಿಸಿಕೊಂಡು ಹೋಗಿ ಅರಿಶಿನ ಕುಂಕುಮ ಹಾಕಿ ಬಂದರು. “ಆ ನೀರೂ ಸೇರಿದೆಯಲ್ಲ ಅತ್ತೆ?” ಅಂದೆ. “ಯಾರ ನೀರು ಎಷ್ಟು ಅಂತ ಗಂಗಮ್ಮ ಲೆಕ್ಕ ಇಡ್ತಾಳಾ? ಸುಮ್ನಿರು” ಅಂದರು. ಕೆಮ್ಮಣ್ಣಿನ ಪಟ್ಟಿ ಒರೆಸದೆ ಹಾಗೇ ಬಿಟ್ಟಿದ್ದೇನೆ. ನೋಡ್ತಾ ನೋಡ್ತಾ ಚೆನ್ನಾಗಿಯೇ ಕಾಣುತ್ತಿದೆ.

ಡಿಸೆಂಬರ್ ಬಂದರೆ ಅವರೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು, ಸೊಗಡು ಹೆಚ್ಚಿದಷ್ಟೂ ಸುಲಿದವರ ಉಗುರು ಕಪ್ಪು. ಆ ಬೆರಳುಗಳ ಗುರುತು ಫ್ರಿಡ್ಜಿನ ಬಾಗಿಲಿನಿಂದ ದೇವರ ಮನೆ ಚೌಕಟ್ಟಿನವರೆಗೆ. ಆದರೆ ನಿಜವಾದ ಅಪಾಯ ಹಿತುಕುವುದರಲ್ಲಿದೆ. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ಅತ್ತೆಯ ಕೈಯಲ್ಲಿ ಹಾಗೇ ಬೀಳುತ್ತದೆ. ಮಿಕ್ಕವರ ಕೈಯಲ್ಲಿ ಅದಕ್ಕೆ ದಿಕ್ಕುದೆಸೆಯಿಲ್ಲ. ಫ್ಯಾನಿನ ರೆಕ್ಕೆ, ದೇವರ ಪಟ, ಒಮ್ಮೆ ಇವರ ಕನ್ನಡಕ.

ಕಳೆದ ಚಳಿಗಾಲದಲ್ಲಿ ನಾವು ಹೀಗೆ ಹಿತುಕುತ್ತ ಕೂತಿದ್ದಾಗ ಇವರ ಆಫೀಸಿನ ಹಿರಿಯರೊಬ್ಬರು ಬಂದರು. ಮಾತಾಡುತ್ತಲೇ ಇವರು ಒತ್ತಿದ ಬೇಳೆ ಟಣ್ಣನೆ ಅವರ ಕಾಫಿ ಲೋಟಕ್ಕೇ ಬಿತ್ತು. ಯಾರೂ ಉಸಿರೆತ್ತಲಿಲ್ಲ. ಅವರು ಲೋಟ ಬಗ್ಗಿಸಿ ನೋಡಿದರು, ಕಾಫಿ ಪೂರ್ತಿ ಕುಡಿದರು, ತಳದಲ್ಲಿದ್ದ ಬೇಳೆಯನ್ನೂ ಬಾಯಿಗೆ ಹಾಕಿಕೊಂಡು ಅಗಿದರು.

“ಇನ್ನೊಂದು ವಿಸಿಲ್ ಬೇಕಿತ್ತು” ಅಂದರು.