ಬಾಜೂಮನಿ ಹಕ್ಕರಕಿ

ಮಿಷಿಗನ್ನಿನಲ್ಲಿ ಮೇ ತಿಂಗಳು ಬಂತೆಂದರೆ ನನ್ನ ಬಿ.ಪಿ. ಏರುತ್ತದೆ. ಹಿಮ ಕರಗಿ ಹಸಿರಾದ ಲಾನಿನ ಮೇಲೆ ಮೈಲಾರ ಜಾತ್ರೆಯಲ್ಲಿ ಭಂಡಾರ ಎರಚಿದ ಹಾಗೆ ಡ್ಯಾಂಡಿಲಿಯನ್ ಹೂ. ಎಲೆಯಂಚು ಗರಗಸದಂತಿದೆ ಅಂತ ಫ್ರೆಂಚರು ಇದನ್ನು ‘ಸಿಂಹದ ಹಲ್ಲು’ ಎಂದು ಕರೆದರಂತೆ. ಅದು ಕಚ್ಚಿದ್ದು ಮಾತ್ರ ನನ್ನ ಸೊಂಟವನ್ನು. ಮಂಡಿಯೂರಿ ಕಿತ್ತರೆ ಬೇರು ಅರ್ಧಕ್ಕೇ ತುಂಡಾಗುತ್ತದೆ. ಒಳಗುಳಿದ ತುಂಡು ರಕ್ತಬೀಜಾಸುರನಂತೆ ಮತ್ತೆ ತಲೆಯೆತ್ತುತ್ತದೆ. ಕೀಳದೆ ಬಿಟ್ಟರೆ ಹೂವು ಬಿಳಿ ಬುರುಗಾಗಿ, ಒಂದು ಗಾಳಿಗೆ ಓಣಿ ತುಂಬ ಬೀಜ. ಬಾಜೂಮನೆಯಾತನ ಲಾನೋ, ಬಿಲಿಯರ್ಡ್ಸ್ ಮೇಜು! ಆತ ನನ್ನತ್ತ ನಕ್ಕಾಗಲೆಲ್ಲ ನಮ್ಮ ಹೂ ಎಣಿಸುತ್ತಿದ್ದಾನೆಂದೇ ನನ್ನ ಗುಮಾನಿ.

ಈ ವರ್ಷ ಸೋತು, ಒಂದು ಶನಿವಾರ ಕಳೆನಾಶಕ ಹೊಡೆದೆ. ಮರುದಿನವೇ ವಿಜಯಪುರದಿಂದ ಅವ್ವ ಬಂದಿಳಿದಳು.

ಬುಧವಾರ ಆಫೀಸಿನಿಂದ ಬಂದರೆ ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಕೆನೆಮೊಸರು, ಪಕ್ಕದಲ್ಲಿ ಹಸಿ ಹಕ್ಕರಕಿ! ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ, ರೊಟ್ಟಿಗೆ ಹಸಿಯಾಗಿಯೇ ಕಚ್ಚಿ ತಿನ್ನುವ ನಮ್ಮ ಸೊಪ್ಪು. ಒಂದು ರೊಟ್ಟಿ ಮುಗಿದದ್ದೇ ತಿಳಿಯಲಿಲ್ಲ. ಕಹಿ ಒಂಚೂರು ಜಾಸ್ತಿ ಅನ್ನಿಸಿತು. ಹತ್ತು ವರ್ಷದಿಂದ ತಿಂದಿಲ್ಲ, ನಾಲಿಗೆಯೇ ಮರೆತಿದೆ ಎಂದುಕೊಂಡೆ. ಎರಡನೆಯದನ್ನು ಮುರಿಯುವಾಗ ಬುದ್ಧಿ ಬಂತು.

“ಅವ್ವಾ, ಇಲ್ಲಿ ಹಕ್ಕರಕಿ ಎಲ್ಲಿ ಸಿಕ್ತು?”

“ಹೊರಗ ರಗಡ ಬೆಳದದಲ್ಲೋ! ಅದೇ ಹಳದಿ ಹೂ, ಮುರದ್ರ ಅದೇ ಹಾಲು. ಎಲಿ ಅಷ್ಟ ದೊಡ್ಡದು. ಅಮೆರಿಕಾದ್ದಲ್ಲೇನು, ಎಲ್ಲಾ ದೊಡ್ಡದೇ.”

ಅವ್ವನ ಸಸ್ಯಶಾಸ್ತ್ರ ತಪ್ಪಲ್ಲ. ಹಕ್ಕರಕಿ, ಡ್ಯಾಂಡಿಲಿಯನ್ ಎರಡೂ ಸೇವಂತಿಗೆ ಕುಲದ ದಾಯಾದಿಗಳೇ. (ತಾಟಿನ ಗುರೆಳ್ಳೂ ಅದೇ ಕುಲದ್ದು, ಬೀಗರೂಟ ಎನ್ನಿ.) ಆದರೆ ಶನಿವಾರದ ಸಿಂಪರಣೆ? ಸಿಂಕಿಗೆ ಓಡಿ ಬಾಯಿ ಮುಕ್ಕಳಿಸಿದೆ. ಗ್ಯಾರೇಜಿನಿಂದ ಡಬ್ಬಿ ತಂದು, ಕನ್ನಡಕ ಹುಡುಕಿ, ಅದರ ಹಿಂದಿನ ಇರುವೆಯಕ್ಷರ ಓದುತ್ತ ಸಹಾಯವಾಣಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಗೀತ ಶುರುವಾಯಿತು.

“ಯಾಕೋ ಹಿಂಗ್ ಮಾಡ್ತಿ? ನಿಮ್ಮ ಅಂಗಳದ್ದಲ್ಲ ಅದು. ಅಲ್ಲಿದ್ದದ್ದೆಲ್ಲ ಮುರುಟಿ ಕರ್ರಗಾಗೇದ. ಇದು ಬಾಜೂಮನಿ ಹಿತ್ತಲದ್ದು.”

“ಅವನ ಮನೇದಾ?”

“ಮುಂದ ಅಷ್ಟ ಶಿಸ್ತು. ಹಿಂದ ಹುಲ್ಲೇ ಇಲ್ಲ, ಬರೇ ಹಕ್ಕರಕಿ. ಪಾಪ, ತಾನೇ ಗೇಟ್ ತಗದು ಕರದ.”

ಅವ್ವನಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಮೂರು ವರ್ಷದಲ್ಲಿ ನನಗೆ ತೆರೆಯದ ಗೇಟು! ಫೋನ್ ಇಟ್ಟು, ಬೆವರೊರೆಸಿಕೊಂಡು, ಮತ್ತೆ ತಾಟಿನ ಮುಂದೆ ಕೂತೆ.

“ಹಿಂದ ಅಂವ ಔಷಧ ಹೊಡಿಯಂಗಿಲ್ಲಂತ,” ಅಂದಳು, ಆತನ ಕೈಸನ್ನೆಯನ್ನೇ ಮಾಡಿ ತೋರಿಸುತ್ತ. “ಅವನ ನಾಯಿ ದಿನಾ ಅಲ್ಲೇ ಹೋಗ್ತದಂತ.”

ತುತ್ತು ಅರ್ಧ ದಾರಿಯಲ್ಲಿ ನಿಂತಿತು.

“ತೊಳದೀನೋ,” ಎಂದಳು ಅವ್ವ, ಇನ್ನೊಂದು ಹಿಡಿ ತಾಟಿಗೆ ಹಾಕುತ್ತ.