ಚೆಂಬೂರಿನ ತುಳಸಿ, ನಾಗರಬಾವಿಯ ಬಿಸಿನೀರು

ಮುಂಬಯಿಯ ಚೆಂಬೂರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ದೀಪಾವಳಿ ಕಳೆದು ಹೋಳಿ ಬರುವವರೆಗೆ ನಮ್ಮ ಬಾಲ್ಕನಿಯ ತುಳಸಿಯನ್ನು ದಿನಾ ತೊಳೆಯಬೇಕು. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಸಿಮೆಂಟಿನ ಬೂದು ಪುಡಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ತೊಳೆದದ್ದು ಸಂಜೆಯೊಳಗೆ ಮತ್ತೆ ಹಾಗೇ. ಪಕ್ಕದ ಹಳೆಯ ಕಟ್ಟಡ ಕೆಡವಿ ಇಪ್ಪತ್ತೆರಡು ಮಹಡಿಯ ಟವರ್ ಏಳಿಸುತ್ತಿದ್ದಾರೆ.

ನಿಯಮ ಇಲ್ಲವೆಂದಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಗಾಳಿ ತೀರಾ ಕೆಟ್ಟಾಗ ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಅದೇ ದಿನಗಳಲ್ಲಿ ಮಹಾನಗರಪಾಲಿಕೆಯ ಮಾರ್ಗಸೂಚಿಯೂ ಬಂತು: ಒಂದು ಎಕರೆಗಿಂತ ದೊಡ್ಡ ಜಾಗದಲ್ಲಿ ಕಟ್ಟುವುದಾದರೆ ಸುತ್ತ 35 ಅಡಿ ಎತ್ತರದ ತಗಡಿನ ಶೀಟು, ಸಣ್ಣದಾದರೆ 25 ಅಡಿ, ಕಟ್ಟಡಕ್ಕೆ ಹಸಿರು ಬಟ್ಟೆಯ ಹೊದಿಕೆ, ದೂಳಿಗೆ ನೀರು. ನಮ್ಮ ಪಕ್ಕದಲ್ಲೂ ಶೀಟು ನಿಂತಿದೆ. ಬಟ್ಟೆ ಮಾತ್ರ ಮೊದಲ ಮಳೆಗಾಲದಲ್ಲೇ ಹರಿದು ಜೋತಾಡುತ್ತಿದೆ. ಮೂರು ಸಲ ದೂರು ಕೊಟ್ಟೆ. ಒಮ್ಮೆ ಯಾರೋ ಬಂದು ಫೋಟೊ ತೆಗೆದುಕೊಂಡು ಹೋದರು, ಎರಡು ದಿನ ನೀರು ಚಿಮುಕಿಸಿದರು, ಆಮೇಲೆ ಯಥಾಪ್ರಕಾರ.

ಬೆಂಗಳೂರಿಗೆ ಹೋದಾಗಲೆಲ್ಲ ನಾಗರಬಾವಿಯಲ್ಲಿ ಅಕ್ಕನ ಮನೆಯ ತಾರಸಿ ನೋಡಿ ನನಗೆ ಈ ಹರಿದ ಬಟ್ಟೆಯೇ ನೆನಪಾಗುತ್ತದೆ. ಮೂವತ್ತು-ನಲವತ್ತರ ಸೈಟು, 2011ರಲ್ಲಿ ಕಟ್ಟಿದ ಮನೆ. ಮೇಲೆ ನೀರು ಕಾಯಿಸುವ ಸೋಲಾರ್ ಹೀಟರ್: ಇಳಿಜಾರಾಗಿ ಕೂತ ಕಪ್ಪು ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೆ ಟ್ಯಾಂಕು. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಸುತ್ತಲಿನ ತಾರಸಿಗಳಲ್ಲೂ ಅದೇ ನೋಟ. ಅಕ್ಕ ಪರಿಸರದ ಕಾಳಜಿಯಿಂದ ಹಾಕಿಸಿದ್ದಲ್ಲ. "ಸೋಲಾರ್ ಇಲ್ಲದೆ ಕರೆಂಟಿನ ಕನೆಕ್ಷನ್ ಕೊಡಲ್ಲ ಅಂದ್ರು ಕಣೋ, ಹಾಕಿಸಿದ್ವಿ" ಎಂದಳು. ಕರ್ನಾಟಕ 2007ರಲ್ಲೇ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿಯನ್ನೂ ಕೊಟ್ಟಿತು.

ನನ್ನ ವಾದ ಇಷ್ಟೇ. ಮುಂಬಯಿಯ ಶೀಟಿನ ನಿಯಮ ನಡೆಯಬೇಕಾದರೆ ದಿನಾ ಒಬ್ಬರು ಬಂದು ನೋಡಬೇಕು. ಬೆಂಗಳೂರಿನ ನಿಯಮವನ್ನು ಒಮ್ಮೆ, ಮೀಟರ್ ಕೂರಿಸುವ ದಿನ, ನೋಡಿದರೆ ಸಾಕು. ಬೆಂಗಳೂರಿನ ಗಾಳಿ ಚೊಕ್ಕಟವಾಗಿದೆ ಎಂದು ನಾನು ಹೇಳುತ್ತಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಅದು ಗೊತ್ತು. ಆದರೆ ಆ ತಾರಸಿಗಳು ನಿಯಮ ಎಲ್ಲಿ ಕೂತರೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿವೆ.

ಬಿಸಿನೀರಿಗೂ ಮುಂಬಯಿಯ ಗಾಳಿಗೂ ಏನು ಸಂಬಂಧ ಎಂದು ಕೇಳುವವರು ನಮ್ಮ ಟೆರೇಸಿಗೆ ಬರಲಿ. ಅಲ್ಲಿಂದ ಟ್ರಾಂಬೆಯ ಚಿಮಣಿ ಕಾಣುತ್ತದೆ. ಊರೊಳಗೇ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರ ಅದು. ಹೊರಗಿನಿಂದ ಕರೆಂಟು ತರುವ ಲೈನುಗಳು ಸಾಲವು ಎಂಬುದು ಅದನ್ನು ನಿಲ್ಲಿಸದಿರಲು ಹೇಳುತ್ತ ಬಂದ ದೊಡ್ಡ ಕಾರಣ. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಗಿನ ಏಳು ಗಂಟೆಗೆ ಲಕ್ಷಾಂತರ ಮನೆಗಳಲ್ಲಿ ಅದು ಒಟ್ಟಿಗೆ ಉರಿಯುತ್ತದೆ. ಬೇಡಿಕೆ ಊರಲ್ಲೇ ಇಳಿಯದಿದ್ದರೆ ಆ ಚಿಮಣಿ ತಣ್ಣಗಾಗುವುದು ಹೇಗೆ?

ಬಿಗಿ ಬೀಳುವುದೆಲ್ಲ ಸಣ್ಣವರ ಮೇಲೆ ಎಂಬುದು ನನ್ನನ್ನು ಇನ್ನಷ್ಟು ಕಾಡುತ್ತದೆ. 2025ರ ಜನವರಿಯಲ್ಲಿ ಕಟ್ಟಿಗೆ, ಇದ್ದಿಲು ಸುಡುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಹೈಕೋರ್ಟ್ ಹೇಳಿತು. ತಂದೂರಿಗೂ ಸೂಚನೆ ಬಂತು. ಪರಿಚಯದ ಉಡುಪಿ ಕಡೆಯ ಹೋಟೆಲಿನವರೊಬ್ಬರು ಇದ್ದಿಲಿನ ತಂದೂರು ತೆಗೆಸಿ ಗ್ಯಾಸಿನದು ಹಾಕಿಸಿದರು. "ಒಳ್ಳೆಯದೇ ಮಾರಾಯ್ರೆ, ಹುಡುಗರ ಕೆಮ್ಮು ಕಡಿಮೆಯಾಗಿದೆ. ಆದ್ರೆ ಎದುರಿನ ಬಿಲ್ಡಿಂಗಿನ ದೂಳು ಯಾರು ನಿಲ್ಲಿಸ್ತಾರೆ?" ಎಂದರು.

ಮುಂಬಯಿಯಲ್ಲಿ ನಾಲ್ಕು ತಿಂಗಳು ಮಳೆ, ಸೋಲಾರ್ ಎಲ್ಲಿಂದ ಎನ್ನುತ್ತಾರೆ. ಮಳೆಗೆ ಹೆಸರಾದ ಮಂಗಳೂರಿನಲ್ಲೂ ಹೀಟರುಗಳಿವೆ. ಉಳಿದ ಎಂಟು ತಿಂಗಳ ಬಿಸಿಲು, ಅದರಲ್ಲೂ ಗಾಳಿ ಕೆಡುವ ಚಳಿಗಾಲದ ಬಿಸಿಲು, ನಮ್ಮ ಟೆರೇಸಿನ ಮೇಲೆ ಸುಮ್ಮನೆ ಬಿದ್ದು ಹೋಗುತ್ತಿದೆ. ಎತ್ತರದ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಟ್ಯಾಂಕಿಡಲು ಜಾಗ ಸಾಲದು ಎಂಬುದು ನಿಜ. ಮೇಲಿನ ಕೆಲವು ಮಹಡಿಗೆ ಹೀಟರ್, ಲಿಫ್ಟು ಮತ್ತು ನೀರಿನ ಪಂಪಿಗೆ ಪ್ಯಾನೆಲ್ ಎಂದಾದರೂ ಆಗಲಿ. ಕೇಂದ್ರ ಸರ್ಕಾರದ 2024ರ ಸೂರ್ಯಘರ್ ಯೋಜನೆಯಲ್ಲಿ ವಸತಿ ಸೊಸೈಟಿಗಳ ಇಂಥ ಪ್ಯಾನೆಲಿಗೂ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ.

ಇದನ್ನು ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಹೇಳಿದಾಗ ಬಂದ ಉತ್ತರ: "ಹೇಗೂ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಈಗ ಯಾಕೆ ಖರ್ಚು?" ಅಂದರೆ ನಮ್ಮದನ್ನೂ ಕೆಡವಿ ಬಿಲ್ಡರ್ ಹೊಸದು ಕಟ್ಟುತ್ತಾನೆ. ಸರಿ, ಹೋಗಲಿ. ಬಿಲ್ಡರ್ ಜೊತೆಗಿನ ಒಪ್ಪಂದದ ಕರಡು ತಯಾರಾಗುತ್ತಿದೆ. ಅದರಲ್ಲಿ ಕಾರ್ಪೆಟ್ ಏರಿಯಾ, ಪಾರ್ಕಿಂಗ್, ಬಾಡಿಗೆ ಎಲ್ಲ ಇಂಚಿಂಚಾಗಿ ಬರೆದಿದ್ದಾರೆ, ಟೆರೇಸಿನ ಬಗ್ಗೆ ಒಂದಕ್ಷರವಿಲ್ಲ. ಹೀಟರ್, ಪ್ಯಾನೆಲ್ ಕೂರಿಸಿದ ಮೇಲೆಯೇ ಬೀಗದಕೈ ಪಡೆಯುತ್ತೇವೆ ಎಂಬ ಎರಡು ಸಾಲು ಬರೆದು ಸೆಕ್ರೆಟರಿಯ ಕೈಗೆ ಕೊಟ್ಟಿದ್ದೇನೆ. ಬರುವ ಭಾನುವಾರ ಮೀಟಿಂಗ್ ಇದೆ. ಈವರೆಗೆ ಒಂಬತ್ತು ಮನೆಯವರು ಸಹಿ ಹಾಕಿದ್ದಾರೆ.